ಸೋತವನನ್ನು ಉಳಿಸಿಕೊಂಡ ಸಂಸ್ಥೆ
(ಲೆವ್ ಯಾಷಿನ್ ಅವರ ಆಟದ ಬದುಕನ್ನು ಮುಂದಿಟ್ಟುಕೊಂಡು ಒಂದು ವಿಚಾರ)

ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಗೆದ್ದವರ ಭಾವಚಿತ್ರಗಳಿಗೆ ಸ್ಥಾನ ದೊರೆಯುವುದು ವಾಡಿಕೆ. ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದವರು, ಉನ್ನತ ಹುದ್ದೆಗೇರಿದವರು, ಜಿಲ್ಲೆಗೆ ಕೀರ್ತಿ ತಂದವರು ಈ ಪುಟಗಳನ್ನು ಅಲಂಕರಿಸುತ್ತಾರೆ. ಅದು ಸಹಜ, ಯೋಗ್ಯವೂ ಹೌದು. ಆದರೆ ಸಂಸ್ಥೆಯೊಂದರ ಸತ್ವವನ್ನು ಅಳೆಯಬೇಕಾದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕೆಂದು ನನಗೆ ತೋರುತ್ತದೆ. ತನ್ನಲ್ಲಿಗೆ ಬಂದು ಸೋತ ಹುಡುಗನನ್ನು ಆ ಸಂಸ್ಥೆ ಹೇಗೆ ನಡೆಸಿಕೊಂಡಿತು? ಈ ಪ್ರಶ್ನೆಯ ವಿಚಾರಕ್ಕಾಗಿ ನಾನು ದೂರದ ರಷ್ಯಾದ ಕಾಲ್ಚೆಂಡಿನ ಆಟಗಾರರೊಬ್ಬರ ಬದುಕನ್ನು ಆರಿಸಿಕೊಂಡಿದ್ದೇನೆ. ಅವರೇ ಲೆವ್ ಇವಾನೋವಿಚ್ ಯಾಷಿನ್.

ಯಾಷಿನ್ ಹುಟ್ಟಿದ್ದು 1929ರ ಅಕ್ಟೋಬರ್ 22ರಂದು, ಮಾಸ್ಕೋ ನಗರದ ಕಾರ್ಮಿಕ ಕುಟುಂಬವೊಂದರಲ್ಲಿ. ತಂದೆ ಕಾರ್ಖಾನೆಯ ಕೆಲಸಗಾರ. ತಾಯಿ ಇವರ ಬಾಲ್ಯದಲ್ಲಿಯೇ ತೀರಿಕೊಂಡರು. 1941ರಲ್ಲಿ ಜರ್ಮನಿಯ ಸೈನ್ಯವು ಸೋವಿಯತ್ ದೇಶದ ಮೇಲೆ ಏರಿಬಂದಾಗ ಕಾರ್ಖಾನೆಗಳೇ ಗುಳೆ ಎದ್ದು ಪೂರ್ವದಿಕ್ಕಿಗೆ ನಡೆದವು. ಅವುಗಳೊಂದಿಗೆ ಯಾಷಿನ್ ಕುಟುಂಬವೂ ವೋಲ್ಗಾ ದಡದ ಉಲ್ಯಾನೋವ್‌ಸ್ಕ್ ಸೇರಿತು. ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಆ ಹುಡುಗ ಯಂತ್ರದ ಮುಂದೆ ನಿಂತು ಯುದ್ಧಸಾಮಗ್ರಿಯ ತಯಾರಿಕೆಯಲ್ಲಿ ತೊಡಗಿದ. ಯುದ್ಧ ಮುಗಿದು ಮಾಸ್ಕೋಗೆ ಮರಳಿದ ಮೇಲೂ ಕಾರ್ಖಾನೆಯ ದುಡಿಮೆ ತಪ್ಪಲಿಲ್ಲ. ಹದಿನೆಂಟರ ಹೊತ್ತಿಗೆ ಅವರ ಮನಸ್ಸು ಬಳಲಿಹೋಯಿತು; ಯಾವ ಕೆಲಸದಲ್ಲಿಯೂ ಆಸಕ್ತಿಯಿಲ್ಲದೆ ಅವರು ಕಾರ್ಖಾನೆಯನ್ನು ಬಿಟ್ಟರು. ಆನಂತರ ಸೈನಿಕ ಸೇವೆಗೆ ಸೇರಿದಾಗ ಅಲ್ಲಿನ ಆಟದ ಬಯಲಿನಲ್ಲಿ ಅರ್ಕಾದಿ ಚೆರ್ನಿಶೋವ್ ಎಂಬ ತರಬೇತುದಾರರ ಕಣ್ಣಿಗೆ ಬಿದ್ದರು. ಹೀಗೆ 1949ರಲ್ಲಿ ಅವರು ಮಾಸ್ಕೋದ ಡೈನಮೋ ಸಂಸ್ಥೆಯ ಯುವತಂಡವನ್ನು ಪ್ರವೇಶಿಸಿದರು.

ಮುಂದಿನ ಕಥೆ ಒಡನೆಯೇ ಗೆಲುವಿನ ಕಥೆಯಾಗಲಿಲ್ಲ. ಸ್ಟಾಲಿನ್‌ಗ್ರಾಡಿನ ತಂಡದೊಡನೆ ನಡೆದ ಅಭ್ಯಾಸದ ಪಂದ್ಯವೊಂದರಲ್ಲಿ ಎದುರು ತುದಿಯ ಗೋಲ್‌ಕೀಪರ್ ಒದ್ದ ಚೆಂಡು ಮೈದಾನದ ಉದ್ದಕ್ಕೂ ಹಾರಿಬಂದಿತು. ಅದನ್ನು ಹಿಡಿಯಲು ಮುಂದೆ ಓಡಿದ ಯಾಷಿನ್ ತಮ್ಮದೇ ರಕ್ಷಣಾ ಆಟಗಾರನಿಗೆ ಢಿಕ್ಕಿ ಹೊಡೆದರು. ಚೆಂಡು ತಾನೇ ಪುಟಿಯುತ್ತ ಗೋಲಿನೊಳಕ್ಕೆ ಹೋಯಿತು. ಗೋಲ್‌ಕೀಪರನೊಬ್ಬ ಮತ್ತೊಬ್ಬ ಗೋಲ್‌ಕೀಪರನಿಂದ ಗೋಲು ಹೊಡೆಸಿಕೊಳ್ಳುವುದಕ್ಕಿಂತ ನಗೆಪಾಟಲಿನ ಸಂಗತಿ ಆ ಆಟದಲ್ಲಿ ಮತ್ತೊಂದಿಲ್ಲ. 1950ರಲ್ಲಿ ಹಿರಿಯರ ಲೀಗ್ ಪಂದ್ಯದಲ್ಲಿ ಪ್ರಖ್ಯಾತ ಗೋಲ್‌ಕೀಪರ್ ಅಲೆಕ್ಸೈ ಹೋಮಿಚ್ ಗಾಯಗೊಂಡಾಗ ಯಾಷಿನ್ ಅವರಿಗೆ ಅವಕಾಶ ಒದಗಿತು. ಎದುರಾಳಿ ಸ್ಪಾರ್ಟಕ್ ತಂಡ. ಡೈನಮೋ ಒಂದು ಗೋಲಿನಿಂದ ಮುಂದಿತ್ತು. ಅಂದೂ ಅದೇ ತಪ್ಪು, ಅದೇ ಢಿಕ್ಕಿ, ಪಂದ್ಯ ಸಮವಾಯಿತು. ಮತ್ತೊಂದು ಪಂದ್ಯದಲ್ಲಿ ತಬಿಲಿಸಿ ನಗರದ ತಂಡಕ್ಕೆ ನಾಲ್ಕು ಗೋಲುಗಳನ್ನು ಬಿಟ್ಟುಕೊಟ್ಟರು. ಆ ಬಳಿಕ 1953ರವರೆಗೆ ಅವರಿಗೆ ಹಿರಿಯರ ಲೀಗ್ ಪಂದ್ಯಗಳಲ್ಲಿ ಸ್ಥಾನ ದೊರೆಯಲಿಲ್ಲ.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ನನ್ನ ಪ್ರಾರ್ಥನೆ. ಇಪ್ಪತ್ತೊಂದರ ಯುವಕ, ಓದು ಅರ್ಧಕ್ಕೆ ನಿಂತಿದೆ, ಮನಸ್ಸು ಒಮ್ಮೆ ಕುಸಿದಿದೆ, ದೊರೆತ ಅವಕಾಶಗಳನ್ನು ಸಾವಿರಾರು ಜನರ ಕಣ್ಣೆದುರಿಗೆ ಕೈಚೆಲ್ಲಿದ್ದಾನೆ. ಅವನನ್ನು ಮನೆಗೆ ಕಳಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಡೈನಮೋ ಅವರನ್ನು ಕಳಿಸಲಿಲ್ಲ. ಮೀಸಲು ಆಟಗಾರರ ತಂಡದಲ್ಲಿ ಇರಿಸಿಕೊಂಡಿತು. ಮಂಜುಗಡ್ಡೆಯ ಮೇಲೆ ಆಡುವ ಹಾಕಿಯಲ್ಲಿಯೂ ಗೋಲು ಕಾಯಲು ಹಚ್ಚಿತು. 1953ರಲ್ಲಿ ಆ ಹಾಕಿ ತಂಡವು ಸೋವಿಯತ್ ಕಪ್ ಗೆದ್ದಾಗ ಯಾಷಿನ್ ಅದರಲ್ಲಿದ್ದರು. ಸಣ್ಣ ಚೆಂಡಿನಂತಹ ಬಿಲ್ಲೆಯನ್ನು ಮಿಂಚಿನ ವೇಗದಲ್ಲಿ ತಡೆಯುವ ಆ ಅಭ್ಯಾಸವು ಕಾಲ್ಚೆಂಡಿಗೂ ಒದಗಿ ಬಂದಿರಬೇಕು. ಅದೇ ವರ್ಷ ಅವರು ಹಿರಿಯರ ತಂಡಕ್ಕೆ ಮರಳಿದರು. ಮುಂದಿನ ವರ್ಷ ರಾಷ್ಟ್ರತಂಡವನ್ನು ಸೇರಿದರು.

ಆನಂತರದ ಸಾಧನೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯವನ್ನು ಸೋಲಿಸಿ ಚಿನ್ನದ ಪದಕ ಪಡೆದ ತಂಡದ ಗೋಲನ್ನು ಕಾಯ್ದವರು ಯಾಷಿನ್. ಅದೇ ಪಂದ್ಯಾವಳಿಯಲ್ಲಿ ಭಾರತವು ನಾಲ್ಕನೆಯ ಸ್ಥಾನ ಪಡೆದುದನ್ನೂ, ಆ ಭಾರತೀಯ ತಂಡದಲ್ಲಿ ನಮ್ಮ ನಾಡಿನ ಕೆಂಪಯ್ಯನವರು ಇದ್ದುದನ್ನೂ ನಾವು ಅಭಿಮಾನದಿಂದ ನೆನೆಯಬೇಕು. 1960ರಲ್ಲಿ ಪ್ಯಾರಿಸ್ಸಿನಲ್ಲಿ ಮೊಟ್ಟಮೊದಲ ಯುರೋಪಿಯನ್ ಕಪ್ ಸೋವಿಯತ್ ತಂಡದ ಪಾಲಾಯಿತು. ಡೈನಮೋ ತಂಡದೊಡನೆ ಯಾಷಿನ್ ಐದು ಬಾರಿ ಲೀಗ್ ಪ್ರಶಸ್ತಿಯನ್ನೂ ಮೂರು ಬಾರಿ ಸೋವಿಯತ್ ಕಪ್ಪನ್ನೂ ಗೆದ್ದರು. ಲೀಗ್‌ನಲ್ಲಿ ಅವರಾಡಿದ ಪಂದ್ಯಗಳು 326. ಗೋಲುಕಂಬಗಳ ನಡುವೆ ನಿಂತು ಕಾಯುವುದಷ್ಟೇ ಗೋಲ್‌ಕೀಪರನ ಕೆಲಸವೆಂದು ತಿಳಿದಿದ್ದ ಕಾಲದಲ್ಲಿ ಅವರು ಮುನ್ನುಗ್ಗಿ ಚೆಂಡನ್ನು ತಡೆದರು, ಕೂಗಿ ತಮ್ಮ ರಕ್ಷಣಾ ಆಟಗಾರರನ್ನು ನಿಯಂತ್ರಿಸಿದರು, ಹಿಡಿದ ಚೆಂಡನ್ನು ದೂರಕ್ಕೆ ಎಸೆದು ಆಕ್ರಮಣಕ್ಕೆ ತಾವೇ ಚಾಲನೆ ಕೊಟ್ಟರು. ಮೊದಮೊದಲು ಅವರನ್ನು ನಗೆಗೀಡು ಮಾಡಿದ್ದು ಮುಂದೆ ಓಡುವ ಈ ಗುಣವೇ. ಅದನ್ನು ಅವರು ಬಿಡಲಿಲ್ಲ, ತಿದ್ದಿಕೊಂಡರು. ಕಡುಬಣ್ಣದ ಉಡುಪಿನ ಈ ದೀರ್ಘಕಾಯನನ್ನು ಜನರು ‘ಕಪ್ಪು ಜೇಡ’ವೆಂದು ಕರೆದರು.

ಕೀರ್ತಿ ಬಂದ ಮೇಲೆ ಸೋಲು ಮತ್ತೆ ಬಾರದೆಂಬ ನಿಯಮವಿಲ್ಲ. 1962ರಲ್ಲಿ ಚಿಲಿ ದೇಶದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಕೊಲಂಬಿಯದ ವಿರುದ್ಧ ಮುಂದಿದ್ದ ಸೋವಿಯತ್ ತಂಡ ನಾಲ್ಕು ಗೋಲುಗಳ ಸಮದಲ್ಲಿ ನಿಂತಿತು. ಅವುಗಳಲ್ಲೊಂದು ಮೂಲೆಯ ಒದೆತದಿಂದ ನೇರವಾಗಿ ಒಳಸೇರಿದ ಗೋಲು. ಕ್ವಾರ್ಟರ್ ಫೈನಲ್‌ನಲ್ಲಿ ಚಿಲಿಯ ಎದುರು ಸೋವಿಯತ್ ತಂಡ 2–1ರಿಂದ ಸೋತಿತು. ಪತ್ರಿಕೆಗಳ ವರದಿಯನ್ನೇ ನಂಬಬೇಕಾಗಿದ್ದ ಸ್ವದೇಶದ ಜನ ಎಲ್ಲ ದೋಷವನ್ನೂ ಯಾಷಿನ್ ಅವರ ತಲೆಗೆ ಕಟ್ಟಿದರು. ಮೈದಾನಕ್ಕಿಳಿದರೆ ಸೀಟಿಯ ಮಳೆ. ಮನೆಯ ಕಿಟಕಿಗೆ ಕಲ್ಲು. ಅವರಿಗಾಗ ವಯಸ್ಸು ಮೂವತ್ತಮೂರರ ಹತ್ತಿರ. ಇವರ ಆಟ ಮುಗಿಯಿತೆಂದು ಬಹುಜನರು ತೀರ್ಮಾನಿಸಿದ್ದರು. ಡೈನಮೋ ಈ ಸಲವೂ ಅವಸರಪಡಲಿಲ್ಲ. ಅವರಿಗೆ ವಿಶ್ರಾಂತಿ ಕೊಟ್ಟು ಮತ್ತೆ ಕರೆದುಕೊಂಡಿತು. 1963ರಲ್ಲಿ ಲೀಗ್‌ನ 27 ಪಂದ್ಯಗಳಲ್ಲಿ ಅವರು ಬಿಟ್ಟುಕೊಟ್ಟ ಗೋಲುಗಳು ಆರೇ ಆರು. ಅದೇ ಅಕ್ಟೋಬರಿನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ವಿಶ್ವತಂಡದ ಪರವಾಗಿ ಇಂಗ್ಲೆಂಡಿನ ಎದುರು ಅರ್ಧ ಪಂದ್ಯ ಆಡಿ ಒಂದು ಗೋಲನ್ನೂ ಬಿಡಲಿಲ್ಲ. ಯುರೋಪಿನ ಅತ್ಯುತ್ತಮ ಆಟಗಾರನಿಗೆ ಫ್ರಾನ್ಸಿನ ಪತ್ರಿಕೆಯೊಂದು ಆಗ ಕೊಡುತ್ತಿದ್ದ ಬ್ಯಾಲನ್ ಡಿ ಓರ್ ಪ್ರಶಸ್ತಿ ಆ ವರ್ಷ ಅವರಿಗೆ ಸಂದಿತು. ಆ ಗೌರವ ಪಡೆದ ಬೇರೊಬ್ಬ ಗೋಲ್‌ಕೀಪರ್ ಇಂದಿಗೂ ಇಲ್ಲ. 1966ರ ವಿಶ್ವಕಪ್ಪಿನಲ್ಲಿ ಅವರ ತಂಡ ನಾಲ್ಕನೆಯ ಸ್ಥಾನ ಗಳಿಸಿತು. 1971ರ ಮೇ 27ರಂದು ಮಾಸ್ಕೋದ ಲೆನಿನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನರು ಅವರನ್ನು ಬೀಳ್ಕೊಟ್ಟರು. ಕೊನೆಯ ವರ್ಷಗಳಲ್ಲಿ ಒಂದು ಕಾಲನ್ನು ಕಳೆದುಕೊಂಡು ನೋವುಂಡ ಯಾಷಿನ್ 1990ರ ಮಾರ್ಚ್ 20ರಂದು ನಿಧನರಾದರು.

ಈ ಚರಿತ್ರೆಯಲ್ಲಿ ಯಾಷಿನ್ ಅವರ ಛಲವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದರಷ್ಟೇ ಮುಖ್ಯವಾಗಿ ಕಾಣುವುದು ಅವರನ್ನು ಉಳಿಸಿಕೊಂಡವರ ತಾಳ್ಮೆ. 1950ರಲ್ಲಿ ಅವರು ಮುಂದೆ ಜಗತ್ಪ್ರಸಿದ್ಧರಾಗುವರೆಂದು ಹೇಳಬಲ್ಲ ಜ್ಯೋತಿಷಿ ಯಾರೂ ಇರಲಿಲ್ಲ. ಕಣ್ಣಿಗೆ ಕಾಣುತ್ತಿದ್ದುದು ಸೋಲು ಮಾತ್ರ. ಆದರೂ ಬಾಗಿಲು ಮುಚ್ಚಲಿಲ್ಲ. ಆ ತಾಳ್ಮೆಯು ಸಡಿಲಿಕೆಯೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮೂರು ವರ್ಷ ಅವರಿಗೆ ಹಿರಿಯರ ಲೀಗ್‌ನಲ್ಲಿ ಪುಕ್ಕಟೆಯಾಗಿ ಸ್ಥಾನ ಕೊಡಲಿಲ್ಲ. ದುಡಿದು ಪಡೆಯಿರಿ ಎಂದು ಕಾಲಾವಕಾಶವನ್ನು ಕೊಟ್ಟರು. ಶಿಸ್ತೂ ಕರುಣೆಯೂ ಒಂದೇ ಮನೆಯಲ್ಲಿ ಬಾಳಬಲ್ಲವು ಎಂಬುದಕ್ಕೆ ಇದು ನಿದರ್ಶನ.

ಈಗ ನಮ್ಮ ಶಾಲೆಗಳ ಕಡೆಗೆ ದೃಷ್ಟಿ ಹರಿಸೋಣ. ಎಸ್.ಎಸ್.ಎಲ್.ಸಿ. ಫಲಿತಾಂಶವು ಪ್ರತಿಶತ ನೂರು ಆಗಬೇಕೆಂಬ ಹಂಬಲದಿಂದ, ಒಂಬತ್ತನೆಯ ತರಗತಿಯಲ್ಲಿಯೇ ಹಿಂದುಳಿದ ವಿದ್ಯಾರ್ಥಿಯ ಪಾಲಕರನ್ನು ಕರೆಯಿಸಿ, ವರ್ಗಾವಣೆ ಪತ್ರವನ್ನು ಕೈಗಿಡುವ ಪದ್ಧತಿಯೊಂದು ನಾಡಿನ ಹಲವೆಡೆ ಬೆಳೆದಿದೆ. ಆಟದ ಅವಧಿಯನ್ನು ವಿಶೇಷ ತರಗತಿಗಳು ನುಂಗಿಹಾಕುತ್ತವೆ. ಇದನ್ನು ಮಾಡುವ ಶಿಕ್ಷಕರೆಲ್ಲ ಕಠೋರರಲ್ಲ. ಫಲಿತಾಂಶ ಕುಸಿದರೆ ಕೇಳುವವರ ಮುಂದೆ ನಿಂತು ಉತ್ತರಿಸಬೇಕಾದವರು ಅವರೇ. ಮುಂದಿನ ವರ್ಷ ದಾಖಲಾತಿ ಕಡಿಮೆಯಾದರೆ ಆಡಳಿತ ಮಂಡಳಿಯವರೂ ಚಿಂತಿಸಬೇಕಾಗುತ್ತದೆ. ಈ ಸಂಕಟವನ್ನು ನಾನು ಅಲ್ಲಗಳೆಯಲಾರೆ. ಆದರೆ ದುರ್ಬಲನನ್ನು ಹೊರಗೆ ನಿಲ್ಲಿಸಿ ಪಡೆದ ಪ್ರತಿಶತ ನೂರರಲ್ಲಿ ಶಿಕ್ಷಕನ ಕಾಯಕದ ಪಾಲೆಷ್ಟು? ಕಲಿಯಬಲ್ಲವನು ಎಲ್ಲಿದ್ದರೂ ಕಲಿಯುತ್ತಾನೆ. ಕಲಿಯಲಾರದವನನ್ನು ಕಲಿಯುವಂತೆ ಮಾಡುವಲ್ಲಿಯೇ ನಮ್ಮ ವೃತ್ತಿಯ ಪರೀಕ್ಷೆ ಅಡಗಿದೆ.

ಶ್ರೀಮಠದ ಆಶ್ರಯದಲ್ಲಿರುವ ಶಾಲೆಗೆ ಈ ಮಾತು ಹೊಸದಾಗಬಾರದು. ಪ್ರಸಾದ ನಿಲಯದ ಪಂಕ್ತಿಯಲ್ಲಿ ಕುಳಿತ ಹುಡುಗನ ಅಂಕಪಟ್ಟಿಯನ್ನು ನೋಡಿ ಅನ್ನ ಬಡಿಸುವ ಸಂಪ್ರದಾಯ ನಮ್ಮಲ್ಲಿಲ್ಲ. ಹಸಿದವನಿಗೆ ಅನ್ನವೆಂಬ ದಾಸೋಹ ತತ್ತ್ವ ಅಡುಗೆಮನೆಯಲ್ಲಿ ನಡೆದು, ಗೋಡೆಯಾಚೆಯ ತರಗತಿಯಲ್ಲಿ ನಿಂತುಹೋಗಬೇಕೇ? ಅರಿವಿಗೆ ಹಸಿದವನೂ, ಆ ಹಸಿವು ಇನ್ನೂ ಎಚ್ಚರಗೊಳ್ಳದವನೂ ಅದೇ ಪಂಕ್ತಿಯವರು. ಹಗ್ಗ ಹೊಸೆಯುವವನನ್ನೂ, ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವವನನ್ನೂ ಸರಿಸಮನಾಗಿ ಕೂರಿಸಿಕೊಂಡ ಶರಣರ ಹೆಸರಿನಲ್ಲಿ ನಾವು ಶಾಲೆಗಳನ್ನು ನಡೆಸುತ್ತಿದ್ದೇವೆ ಎಂಬುದು ಮರೆಯಬಾರದ ಸಂಗತಿ.

ಸಾವಿರದಲ್ಲಿ ಒಬ್ಬ ಯಾಷಿನ್ ಆಗುತ್ತಾನೆ, ಉಳಿದವರ ಗತಿಯೇನು ಎಂದು ಕೆಲವರು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಉಳಿದವರು ಪ್ರಸಿದ್ಧರಾಗಲಾರರು. ಆದರೆ ತಾವು ಬೇಡವಾದವರೆಂಬ ಮುದ್ರೆಯನ್ನು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಹಣೆಯ ಮೇಲೆ ಹೊತ್ತು ಹೋಗುವುದಿಲ್ಲ. ಒಕ್ಕಲುತನವನ್ನೋ ಅಂಗಡಿಯನ್ನೋ ಮರ್ಯಾದೆಯಿಂದ ನಡೆಸುವ, ತನ್ನ ಮಕ್ಕಳನ್ನು ಮತ್ತೆ ಇದೇ ಶಾಲೆಗೆ ಕಳಿಸುವ ಗೃಹಸ್ಥನೂ ಈ ಸಂಸ್ಥೆಯ ಗೆಲುವೇ ಆಗಿದ್ದಾನೆ.

ಆದ್ದರಿಂದ ಸಂಬಂಧಪಟ್ಟವರ ಮುಂದೆ ಮೂರು ವಿನಂತಿಗಳನ್ನು ಇಡುತ್ತೇನೆ. ಮೊದಲನೆಯದು ಆಡಳಿತ ಮಂಡಳಿಗೆ: ಅಂಕಗಳ ಕಾರಣದಿಂದ ಯಾವ ವಿದ್ಯಾರ್ಥಿಗೂ ವರ್ಗಾವಣೆ ಪತ್ರ ಕೊಡುವುದಿಲ್ಲವೆಂದು ಠರಾವು ಮಾಡಿ, ಅದರಿಂದ ಫಲಿತಾಂಶ ಕುಸಿದರೆ ಶಿಕ್ಷಕರನ್ನು ದೂಷಿಸದಿರಬೇಕು. ಎರಡನೆಯದು ಶಿಕ್ಷಕರಿಗೆ ಮತ್ತು ಹಳೆಯ ವಿದ್ಯಾರ್ಥಿಗಳಿಗೆ: ಹಿಂದುಳಿದವರಿಗಾಗಿ ಸಂಜೆಯ ತರಗತಿಗಳನ್ನು ಹಂಚಿಕೊಂಡು ನಡೆಸಬೇಕು, ಆದರೆ ಆಟದ ಅವಧಿಗೆ ಕೈಹಚ್ಚಬಾರದು. ಮೂರನೆಯದು ದಾನಿಗಳಿಗೆ: ಪ್ರಥಮ ಸ್ಥಾನ ಪಡೆದವರಿಗೆ ಬಂಗಾರದ ಪದಕದ ದತ್ತಿಗಳು ಬೇಕಾದಷ್ಟಿವೆ. ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶವನ್ನು 2024ರಲ್ಲಿ ಸರ್ಕಾರವೇ ತೆರೆಯಿತು. ಹೀಗಿರುವಾಗ ಒಮ್ಮೆ ಅನುತ್ತೀರ್ಣನಾಗಿ, ಶಾಲೆಯನ್ನು ಬಿಡದೆ ಓದಿ, ಮರಳಿ ಬರೆದು ತೇರ್ಗಡೆಯಾದವನಿಗೆಂದೇ ಒಂದು ದತ್ತಿಯನ್ನು ಏಕೆ ಸ್ಥಾಪಿಸಬಾರದು? ಅದರ ಮೊತ್ತ ದೊಡ್ಡದಾಗಬೇಕಿಲ್ಲ. ವಾರ್ಷಿಕೋತ್ಸವದ ವೇದಿಕೆಯ ಮೇಲೆ, ಪೂಜ್ಯರ ಸಮ್ಮುಖದಲ್ಲಿ, ಅಂತಹ ಒಬ್ಬ ಹುಡುಗನ ಹೆಸರನ್ನು ಗಟ್ಟಿಯಾಗಿ ಕರೆದರೆ ಸಾಕು. ಮುಂದಿನ ಸಂಚಿಕೆಯಲ್ಲಿ ಅವನ ಭಾವಚಿತ್ರಕ್ಕೂ ಒಂದು ಪುಟ ಮೀಸಲಾಗಲಿ.