ಬೇರೆ ಬೇರೆ ತಕ್ಕಡಿ, ಒಂದೇ ಮೊತ್ತ
ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಬಹುಮಟ್ಟಿಗೆ ಎಲ್ಲರಿಗೂ ಕಡ್ಡಾಯ. ಮುಖ್ಯ ಆಯ್ಕೆ ಉಳಿದಿರುವುದು ಭಾಷೆಯಲ್ಲಿ. ಹುಕ್ಕೇರಿಯ ಹಳ್ಳಿಶಾಲೆಗಳಲ್ಲಿ ಅದೂ ಶಿಕ್ಷಕರಿದ್ದರೆ ಮಾತ್ರ. ನಗರದ ಪೋಷಕರು 125 ಅಂಕಗಳ ಪ್ರಥಮ ಭಾಷೆಯಾಗಿ ಸಂಸ್ಕೃತವನ್ನು ಆರಿಸುವುದರ ಹಿಂದೆ ಕಾಳಿದಾಸನ ಮೇಲಿನ ಪ್ರೀತಿಗಿಂತ ಅಂಕದ ಲೆಕ್ಕಾಚಾರವೇ ಹೆಚ್ಚೆಂಬುದು ಗುಟ್ಟೇನಲ್ಲ. 1981ರಲ್ಲಿ ಗೋಕಾಕ್ ಸಮಿತಿಯು ಕನ್ನಡವೊಂದೇ ಪ್ರಥಮ ಭಾಷೆಯಾಗಲಿ, ಅದಕ್ಕೆ 150 ಅಂಕವಿರಲಿ ಎಂದಿತ್ತು. ಆ ವಾದವನ್ನು ನಾನು ಮತ್ತೆ ಎತ್ತುತ್ತಿಲ್ಲ. ಮರಾಠಿ, ಉರ್ದು ಓದುವ ಮಕ್ಕಳೂ ಈ ಗಡಿನಾಡಿನವರೇ. ನನ್ನ ಆಕ್ಷೇಪ ಅರ್ಥಶಾಸ್ತ್ರದ್ದು. ವಿನಿಮಯ ದರವಿಲ್ಲದೆ ರೂಪಾಯಿ, ಡಾಲರುಗಳನ್ನು ಕೂಡುವವರುಂಟೆ? ಬೇರೆ ಬೇರೆ ಭಾಷಾಪತ್ರಿಕೆಗಳ ಅಂಕಗಳನ್ನು ಹಾಗೆ ಕೂಡಿ, ಆ ಮೊತ್ತದ ಮೇಲೆಯೇ ಪಿಯುಸಿ ಸೀಟು ಹಂಚುತ್ತೇವೆ. ಪ್ರವೇಶಕ್ಕೆ ಆ ಮೂರು ಕಡ್ಡಾಯ ಪತ್ರಿಕೆಗಳ ಅಂಕಗಳಷ್ಟೇ ಆಧಾರವಾಗಲಿ. ಭಾಷೆಯಲ್ಲಿ ಉತ್ತೀರ್ಣತೆ ಸಾಕು.