ಎಳೆಯಲು ಮರೆತವರಿಗೊಂದು ಪೆಟ್ಟಿಗೆ

ವಿಮಾನದಿಂದ ಹೊರಕ್ಕೆ ಧುಮುಕುವ ಹುಚ್ಚು ಹತ್ತಿದವರಿಗೆ ಸುರಕ್ಷತೆಯ ಪಾಠ ಹೇಳೋದು ಅಂದ್ರೆ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಅಂಕಿ-ಅಂಶ ಕೊಡಿ, ನಾಟಲ್ಲ. ಹೆಂಡತಿ ಮಕ್ಕಳ ನೆನಪು ಮಾಡಿ, ನಾಟಲ್ಲ. ಅವರ ದುಡ್ಡಿನ ಬಗ್ಗೆ, ಮರ್ಯಾದೆಯ ಬಗ್ಗೆ, ಬಿಯರಿನ ಬಗ್ಗೆ ಒಂದು ಕುಹಕದ ಮಾತಾಡಿ ನೋಡಿ, ತಕ್ಷಣ ಕಿವಿ ನೆಟ್ಟಗಾಗುತ್ತೆ. ಅದಕ್ಕೇ ನನ್ನ ವಾದ ಇಷ್ಟು: ಎಎಡಿ ಕಟ್ಟಿಕೊಂಡು ಹಾರಿ ಅನ್ನೋದಕ್ಕೆ ಗಂಭೀರ ಕಾರಣಗಳಿಗಿಂತ ತಮಾಷೆಯ ಕಾರಣಗಳೇ ವಾಸಿ.

ಎಎಡಿ ಅಂದ್ರೆ ಆಟೋಮ್ಯಾಟಿಕ್ ಆಕ್ಟಿವೇಶನ್ ಡಿವೈಸ್. ಬೆನ್ನ ಮೇಲಿನ ಚೀಲದಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ, ಒಂದು ಮುಖ್ಯದ್ದು, ಇನ್ನೊಂದು ಆಪತ್ಕಾಲದ ರಿಸರ್ವ್. ಇವುಗಳ ಜೊತೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪೆಟ್ಟಿಗೆಯೊಂದು ಕೂತಿರುತ್ತೆ. ಅದಕ್ಕೆ ಗೊತ್ತಿರೋದು ಗಾಳಿಯ ಒತ್ತಡ ಒಂದೇ. ಅದರಿಂದಲೇ ನೀವು ಎಷ್ಟು ಎತ್ತರದಲ್ಲಿದ್ದೀರಿ, ಎಷ್ಟು ವೇಗವಾಗಿ ಬೀಳ್ತಿದ್ದೀರಿ ಅಂತ ಲೆಕ್ಕ ಹಾಕುತ್ತೆ. ಹೊಟ್ಟೆ ಕೆಳಗೆ ಮಾಡಿ ಬೀಳುವ ಮನುಷ್ಯನ ವೇಗ ಗಂಟೆಗೆ ಸುಮಾರು 195 ಕಿ.ಮೀ., ಅಂದ್ರೆ ಸೆಕೆಂಡಿಗೆ 54 ಮೀಟರ್. ಜರ್ಮನಿಯ ಏರ್‌ಟೆಕ್ ಕಂಪನಿ 1991ರಲ್ಲಿ ತಂದ ಸೈಪ್ರೆಸ್ ಎಂಬ ಎಎಡಿಯಲ್ಲಿ ಅನುಭವಿಗಳ ಲೆಕ್ಕ ಹೀಗಿದೆ: ನೆಲದಿಂದ ಸುಮಾರು 225 ಮೀಟರ್ ಎತ್ತರಕ್ಕೆ ಬಂದಾಗಲೂ ಸೆಕೆಂಡಿಗೆ 35 ಮೀಟರಿಗಿಂತ ಜೋರಾಗಿ ಬೀಳ್ತಿದ್ದರೆ, ಆಸಾಮಿ ಪ್ಯಾರಾಚೂಟ್ ಬಿಚ್ಚಿಲ್ಲ ಅಂತ ಅರ್ಥ. ಪೆಟ್ಟಿಗೆ ಒಂದು ಪುಟ್ಟ ಬ್ಲೇಡನ್ನು ಸಿಡಿಸಿ ರಿಸರ್ವ್ ಚೀಲವನ್ನು ಬಿಗಿದಿಟ್ಟಿರುವ ದಾರವನ್ನು ಕತ್ತರಿಸುತ್ತೆ. ಸ್ಪ್ರಿಂಗ್ ಚಿಮ್ಮಿ ರಿಸರ್ವ್ ಹೊರಗೆ ಬರುತ್ತೆ. ಆ ಕ್ಷಣದಲ್ಲಿ ನೆಲಕ್ಕೂ ನಿಮಗೂ ಇರುವ ಅಂತರ ನಾಲ್ಕು ಸೆಕೆಂಡು ಮತ್ತು ಚಿಲ್ಲರೆ. ಲೋಟದಲ್ಲಿರೋ ಕಾಫಿ ಆರಿಸೋಕೆ ಊದ್ತೀವಲ್ಲ, ಅಷ್ಟು ಹೊತ್ತು.

ಈಗ ಕಾರಣಗಳಿಗೆ ಬರೋಣ.

ಅಮೆರಿಕದಲ್ಲಿ ರಿಸರ್ವನ್ನು ಪರವಾನಗಿ ಇರುವ ರಿಗ್ಗರ್ ಒಬ್ಬರೇ ಮಡಚಬೇಕು, ಅದೂ 180 ದಿನಕ್ಕೊಮ್ಮೆ. ನೀವು ಅದನ್ನು ಬಳಸಿ, ಬಿಡಿ, ಆರು ತಿಂಗಳಾದ ಮೇಲೆ ಬಿಚ್ಚಿ ಮತ್ತೆ ಮಡಚಿಸಲೇಬೇಕು, ದುಡ್ಡು ಕೊಡಲೇಬೇಕು. ಹತ್ತು ವರ್ಷ ಹೀಗೆ ಕೊಟ್ಟೂ ಕೊಟ್ಟೂ, ಕೊನೆಗೆ ಅದು ನಿಜಕ್ಕೂ ಬೇಕಾದ ದಿನ ಹಾಗೇ ಮಡಚಿದ ಹಾಗೆ ಇಟ್ಟುಕೊಂಡು ನೆಲಕ್ಕೆ ಬಡಿದರೆ ಅಷ್ಟೂ ದುಡ್ಡು ನೀರಲ್ಲಿ ಹೋಮ. ಇನ್ಶೂರೆನ್ಸ್ ಕಂತು ಕಟ್ಟಿ ಕ್ಲೇಮ್ ಮಾಡೋದನ್ನ ಮರೆತ ಹಾಗೆ. ನಮ್ಮಲ್ಲಿ ಯಾವ ಅಪ್ಪನೂ ಇದನ್ನ ಕ್ಷಮಿಸಲ್ಲ.

ರಿಗ್ಗರ್ ಕಡೆಯಿಂದಲೂ ನೋಡಿ ಸ್ವಾಮಿ. ರಿಸರ್ವ್ ನಿಮ್ಮ ಜೀವ ಉಳಿಸಿದರೆ ಅದನ್ನು ಮಡಚಿದವರಿಗೆ ಒಂದು ಒಳ್ಳೇ ಬಾಟಲಿ ತಂದುಕೊಡೋದು ಈ ಜನರ ಸಂಪ್ರದಾಯ. ಏನೇ "ಮೊದಲ ಸಲ" ಆದರೂ ಎಲ್ಲರಿಗೂ ಬಿಯರ್ ಕೊಡಿಸೋದು ಇನ್ನೊಂದು. ಎಎಡಿ ಇಲ್ಲದೆ ಸತ್ತವರು ಒಂದೇ ಏಟಿಗೆ ಈ ಎರಡೂ ಸಾಲವನ್ನು ಎಗರಿಸಿ ಹೋದ ಹಾಗೆ. ಇನ್ನು ಸತ್ತವರ ಬೂದಿಯನ್ನು ಗೆಳೆಯರು ವಿಮಾನದಲ್ಲಿ ಕೊಂಡೊಯ್ದು ಬೀಳುತ್ತಾ ಗಾಳಿಗೆ ತೂರುವ ಪದ್ಧತಿಯೂ ಇದೆ. ಆ ದಿನದ ವಿಮಾನದ ಖರ್ಚು ಕೂಡ ಗೆಳೆಯರ ತಲೆಗೇ! ಇಂಥ ಜಿಪುಣರಿಗೆ ಯಾರು ತಾನೇ ಕಣ್ಣೀರು ಹಾಕ್ತಾರೆ?

ನನಗೆ ಎಲ್ಲಕ್ಕಿಂತ ಹಿಡಿಸೋದು ಅವಮಾನದ ಕಾರಣ. ಪೆಟ್ಟಿಗೆ ಕೆಲಸ ಮಾಡಿ ನಿಮ್ಮನ್ನು ಉಳಿಸಿದರೆ ಅವತ್ತು ಮೈದಾನದಲ್ಲಿ ಮುಖ ಎತ್ತಿ ನಡೆಯೋಕಾಗಲ್ಲ. "ಏನಪ್ಪಾ, ಎಳೆಯೋದು ಮರೆತುಹೋಯ್ತಾ?" ಅಂತ ವರ್ಷಗಟ್ಟಲೆ ಕಿಚಾಯಿಸ್ತಾರೆ. ನಿಜ. ಆದರೆ ಕಿಚಾಯಿಸಿಕೊಳ್ಳೋಕೆ ಆಸಾಮಿ ಇರಬೇಕಲ್ಲ! :-)

ಇಷ್ಟಕ್ಕೂ ವಿರೋಧ ಯಾಕೆ ಅಂತ ಕೇಳಬಹುದು. ಇಲ್ಲಿದೆ ನಿಜವಾದ ಜಗಳ. ಸೈಪ್ರೆಸ್‌ಗೂ ಮುಂಚಿನ ಯಾಂತ್ರಿಕ ಪೆಟ್ಟಿಗೆಗಳನ್ನು ಹಳಬರು ನಂಬುತ್ತಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಬೇಡದ ಹೊತ್ತಿನಲ್ಲಿ ಸಿಡಿಯುತ್ತಿದ್ದವು. ಗುಂಪಾಗಿ ಕೈಕೈ ಹಿಡಿದು ಬೀಳುವಾಗ ಕೆಳಗಿರುವವನ ರಿಸರ್ವ್ ತಾನಾಗಿ ಬಿಚ್ಚಿಕೊಂಡರೆ ಮೇಲಿರುವವನಿಗೆ ಗಂಡಾಂತರ. ಹಾಗಾಗಿ ಅದು ಕಲಿಯುವವರಿಗೆ ಮಾತ್ರ ಅಂತ ಒಂದು ಗತ್ತು ಬೆಳೆಯಿತು. ಯಂತ್ರ ಸುಧಾರಿಸಿದ ಮೇಲೂ ಗತ್ತು ಉಳಿಯಿತು. "ಅದಿಲ್ಲದೆ ಹಾರೋಕೆ ಹೆದರುವವನು ಅದಿಟ್ಟುಕೊಂಡೂ ಹಾರಬಾರದು" ಅನ್ನೋದು ಈ ಗತ್ತಿನ ಸಾರ. ಕೇಳೋಕೆ ಏನೋ ಚೆನ್ನಾಗಿದೆ. ಆದರೆ ಇದೇ ಮಾತನ್ನ ನಮ್ಮೂರಲ್ಲಿ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬೈಕ್ ಓಡಿಸುವವರೂ ಹೇಳ್ತಾರೆ, ಅವರ ಮೊಣಕೈ ಮಾತ್ರ ಭಾರೀ ಭದ್ರ.

ಈ ಗತ್ತಿನವರು ಒಂದು ವಿಷಯ ಬಿಟ್ಟುಬಿಡ್ತಾರೆ. ಪೆಟ್ಟಿಗೆ ಮರೆಗುಳಿಗಳಿಗೆ ಮಾತ್ರ ಅಲ್ಲ. ಬೀಳುವಾಗ ಇನ್ನೊಬ್ಬರ ಮೊಣಕಾಲು ತಲೆಗೆ ಬಡಿದು ಪ್ರಜ್ಞೆ ತಪ್ಪಿದವನ ಅನುಭವ, ಧೈರ್ಯ, ಐದು ಸಾವಿರ ಜಿಗಿತದ ಲಾಗ್‌ಬುಕ್ ಯಾವುದೂ ಆಗ ಹಗ್ಗ ಎಳೆಯಲ್ಲ. ಇನ್ನು ಮುಖ್ಯ ಪ್ಯಾರಾಚೂಟಿನ ಗಂಟು ಬಿಡಿಸುತ್ತಾ ಎತ್ತರದ ಅರಿವೇ ಇಲ್ಲದೆ ನೆಲಕ್ಕೆ ಬಂದವರಲ್ಲಿ ಹೊಸಬರಷ್ಟೇ ಅಲ್ಲ, ನುರಿತವರೂ ಇದ್ದಾರೆ. ಕೈಗೆ ಕೆಲಸ ಸಿಕ್ಕರೆ ಅನುಭವಿಯ ಗಮನ ಪೂರ್ತಿ ಅದರಲ್ಲೇ ಮುಳುಗುತ್ತೆ.

ಆದರೂ ಗತ್ತಿನವರ ಮಾತಲ್ಲಿ ಒಂದು ಎಳೆ ಸತ್ಯ ಇದೆ, ಅದನ್ನ ತಮಾಷೆಯಲ್ಲಿ ಮುಚ್ಚಿಹಾಕೋದು ಸರಿಯಲ್ಲ. ಈ ರಂಗದ ದೊಡ್ಡ ತಲೆ ಬಿಲ್ ಬೂತ್, ಮುಖ್ಯ ಪ್ಯಾರಾಚೂಟನ್ನು ಒಂದೇ ಎಳೆತಕ್ಕೆ ಕಳಚುವ ಮೂರು ಉಂಗುರದ ವ್ಯವಸ್ಥೆ ಕಂಡುಹಿಡಿದ ಮಹಾನುಭಾವ, ಒಂದು ಕಹಿ ನಿಯಮ ಮಾಡಿಟ್ಟಿದ್ದಾರೆ. ಸಲಕರಣೆ ಸುರಕ್ಷಿತವಾದಷ್ಟೂ ಜನ ಹೆಚ್ಚು ಅಪಾಯಕ್ಕೆ ಕೈಹಾಕಿ ಸಾವಿನ ಲೆಕ್ಕ ಸರಿದೂಗಿಸ್ತಾರೆ ಅಂತ ಅದರ ತಾತ್ಪರ್ಯ. ತೊಂಬತ್ತರ ದಶಕದಲ್ಲಿ ಹಾಗೇ ಆಯ್ತು ಅನ್ನಿ: ಎಳೆಯದೆ ಸಾಯುವವರು ಕಡಿಮೆಯಾದರು, ಪೂರ್ತಿ ಬಿಚ್ಚಿದ, ಯಾವ ದೋಷವೂ ಇಲ್ಲದ ಪ್ಯಾರಾಚೂಟಿನ ಕೆಳಗೆ ನೆಲದ ಹತ್ತಿರ ಚಮತ್ಕಾರದ ತಿರುವು ಹಾಕಲು ಹೋಗಿ ಸಾಯುವವರು ಹೆಚ್ಚಾದರು. ಆ ತಿರುವಿಗೆ ಪೆಟ್ಟಿಗೆ ಏನೂ ಮಾಡಲಾರದು. 40 ಮೀಟರಿಗಿಂತ ಕೆಳಗೆ ಬಂದರೆ ಸೈಪ್ರೆಸ್ ಸಿಡಿಯೋದೇ ಇಲ್ಲ, ಸಿಡಿದೂ ಉಪಯೋಗವಿಲ್ಲ.

ಆದರೆ ಬೂತ್ ನಿಯಮ ಕೊನೇ ತನಕ ಗೆದ್ದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅಮೆರಿಕದ ಪ್ಯಾರಾಚೂಟ್ ಸಂಘದ ಲೆಕ್ಕದಲ್ಲಿ ಎಪ್ಪತ್ತರ ದಶಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಸಾವು. 2023ರಲ್ಲಿ ಸುಮಾರು 36.5 ಲಕ್ಷ ಜಿಗಿತಗಳಿಗೆ 10. ಎಲ್ಲವನ್ನೂ ಪೆಟ್ಟಿಗೆಯ ಖಾತೆಗೆ ಹಾಕೋಕಾಗಲ್ಲ, ತರಬೇತಿ ಬದಲಾಗಿದೆ, ಪ್ಯಾರಾಚೂಟ್ ಬದಲಾಗಿವೆ. ಆದರೆ ಪೆಟ್ಟಿಗೆಗೆ ಅದರಲ್ಲಿ ಪಾಲಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ಪೆಟ್ಟಿಗೆಗೂ ಮೊಂಡುತನ ಇದೆ ಅನ್ನೋದು ಬೇರೆ ಮಾತು. ನೀವು ಎಳೆಯೋದು ತಡವಾಗಿ, ಮುಖ್ಯ ಪ್ಯಾರಾಚೂಟ್ ನಿಧಾನಕ್ಕೆ ಅರಳುತ್ತಿರುವಾಗಲೇ ಅದು ರಿಸರ್ವನ್ನೂ ಬಿಚ್ಚಿಬಿಟ್ಟರೆ ತಲೆ ಮೇಲೆ ಎರಡೆರಡು ಛತ್ರಿ, ಒಂದಕ್ಕೊಂದು ಸುತ್ತಿಕೊಂಡರೆ ದೇವರೇ ಗತಿ. ಇದಕ್ಕೇ 2013ರಲ್ಲಿ ಆ ಸಂಘ ಅನುಭವಿಗಳೂ 2000 ಅಡಿಯ ಬದಲು 2500 ಅಡಿಯಲ್ಲೇ ಬಿಚ್ಚಬೇಕು ಅಂತ ನಿಯಮ ಬಿಗಿ ಮಾಡಿತು. ಯಂತ್ರಕ್ಕೆ ಜಾಗ ಬಿಟ್ಟು ಮನುಷ್ಯ ಸರಿದು ನಿಂತ ಅಪರೂಪದ ಪ್ರಸಂಗ!

ಬೆಲೆ ಸಾವಿರ ಡಾಲರಿಗೂ ಮೇಲೆ, ಅದು ಜೇಬಿಗೆ ಚುಚ್ಚೋದು ನಿಜ. ಅದಕ್ಕೇ ವಿದ್ಯಾರ್ಥಿಗಳಿಗೆ, ಟ್ಯಾಂಡೆಮ್ ಜಿಗಿತಕ್ಕೆ ಕಡ್ಡಾಯ ಮಾಡಿ ಉಳಿದವರನ್ನು ಅವರವರ ಪಾಡಿಗೆ ಬಿಟ್ಟಿದ್ದಾರೆ. ಆದರೆ ಎಷ್ಟೋ ಮೈದಾನಗಳ ಮಾಲೀಕರು ಪೆಟ್ಟಿಗೆ ಇಲ್ಲದವರನ್ನು ವಿಮಾನ ಹತ್ತಿಸಲ್ಲ. ತಮ್ಮ ಹುಲ್ಲುಗಾವಲಿನಲ್ಲಿ ಯಾರೋ ಬಾವಿ ತೋಡೋದು ಅವರಿಗೂ ಬೇಡ.

ಕೊಂಡವರು ಇನ್ನೊಂದು ಗಮನಿಸಿ. ಸೈಪ್ರೆಸ್‌ನ ಗುಂಡಿಯನ್ನು ಕೆಂಪು ದೀಪ ಮಿನುಗಿದ ಹಾಗೆಲ್ಲ ಒಂದೊಂದು ಸಲದಂತೆ ನಾಲ್ಕು ಸಲ ಒತ್ತಿದರೆ ಮಾತ್ರ ಅದು ಚಾಲೂ ಆಗೋದು. ನೆಲದಲ್ಲೇ ಒತ್ತಬೇಕು, ಯಾಕಂದ್ರೆ ಆಗಿನ ಗಾಳಿಯ ಒತ್ತಡವನ್ನೇ ಅದು ಸೊನ್ನೆ ಅಂತ ಹಿಡಿಯೋದು. 14 ಗಂಟೆಯಾದ ಮೇಲೆ ತಾನಾಗಿ ಆರಿಹೋಗುತ್ತೆ. ಹಾಗಾಗಿ ನಿನ್ನೆ ಬೆಳಿಗ್ಗೆ ಒತ್ತಿದ್ದು ಇವತ್ತಿಗೆ ಬರಲ್ಲ. ಎಳೆಯೋದು ಮರೆತರೆ ಪೆಟ್ಟಿಗೆ ಇದೆ, ಪೆಟ್ಟಿಗೆ ಚಾಲೂ ಮಾಡೋದು ಮರೆತರೆ ಅದನ್ನ ನೆನಪಿಸೋ ಪೆಟ್ಟಿಗೆ ಇನ್ನೂ ಬಂದಿಲ್ಲ.