ಮಟೇರಾದ ಗುಹೆಮನೆಗಳು
ದಕ್ಷಿಣ ಇಟಲಿಯ ಬಸಿಲಿಕಾಟಾ ಪ್ರಾಂತದ ಮಟೇರಾದಲ್ಲಿ ಸುಣ್ಣಕಲ್ಲನ್ನು ಕೊರೆದು ಮಾಡಿದ ಗುಹೆಮನೆಗಳ ಕೇರಿಗಳಿಗೆ ಸಾಸ್ಸಿ ಎಂದು ಹೆಸರು. ಒಂದೇ ಕೋಣೆಯಲ್ಲಿ ಮಕ್ಕಳೂ ಸಾಕುಪ್ರಾಣಿಗಳೂ ಒಟ್ಟಿಗೆ ಮಲಗುತ್ತಿದ್ದ, ಮಲೇರಿಯಾ ಬಿಡದ ಆ ಬದುಕನ್ನು ಲೇಖಕ ಕಾರ್ಲೊ ಲೇವಿ 1945ರ ತಮ್ಮ ಪುಸ್ತಕದಲ್ಲಿ ಬರೆದಾಗ ದೇಶ ತಲೆತಗ್ಗಿಸಿತು. 1952ರ ಕಾನೂನಿನಡಿ ಸುಮಾರು 15,000 ಜನರನ್ನು ಹೊಸ ಬಡಾವಣೆಗಳಿಗೆ ಸಾಗಿಸಲಾಯಿತು. ಪಾಳುಬಿದ್ದ ಗುಹೆಗಳ ಜೀರ್ಣೋದ್ಧಾರಕ್ಕೆ 1986ರಲ್ಲಿ ಸರ್ಕಾರ ಹಣ ಕೊಟ್ಟಿತು. 1993ರಲ್ಲಿ ಅವು ಯುನೆಸ್ಕೊ ಪಟ್ಟಿ ಸೇರಿದವು, 2019ರಲ್ಲಿ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಯಿತು. ಬಡವರನ್ನು ಎಬ್ಬಿಸಿದ ಕೋಣೆಗಳಲ್ಲೇ ಈಗ ದುಬಾರಿ ಹೋಟೆಲುಗಳಿವೆ, ವಿಚಿತ್ರವೆಂದರೆ ಗುಹೆಯೆಂಬುದಕ್ಕೇ ಬೆಲೆ. ಪ್ರವಾಸೋದ್ಯಮದ ಕೆಲಸವಾದರೋ ಬಹುಪಾಲು ಹಂಗಾಮಿನದು. ಅದರ ಲಾಭ ಬೆಟ್ಟದ ಹಳ್ಳಿಗಳನ್ನು ಮುಟ್ಟಿದ್ದು ಕಡಿಮೆ. ಯುವಕರು ಕೆಲಸ ಹುಡುಕಿಕೊಂಡು ಉತ್ತರ ಇಟಲಿಗೆ ಹೋಗುವುದು ನಿಂತಿಲ್ಲ, ಪ್ರಾಂತದ ಜನಸಂಖ್ಯೆಯೂ ಇಳಿಯುತ್ತಲೇ ಇದೆ.